ಒಂದೇ ಮಹಡಿ ಮೆಟ್ಟಿಲು, ಎರಡು ಸಿನಿಮಾ

(ಸಿನಿಮಾ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸ್ಟುಡಿಯೋಗಳ ನಿರ್ಧಾರಗಳು ಸಿನಿಮಾವನ್ನು ಹೇಗೆ ರೂಪಿಸುತ್ತವೆ ಅನ್ನೋದರ ಬಗ್ಗೆ ಮಾತಾಡಿ ಎಂದಾಗ ನನಗೆ ಮೊದಲು ನೆನಪಾದದ್ದು ಒಂದು ಮಹಡಿ ಮೆಟ್ಟಿಲು. ಅಲ್ಲಿಂದಲೇ ಶುರು ಮಾಡುತ್ತೇನೆ.

1941ರ ಕೊನೆ. ಹಾಲಿವುಡ್‌ನ ಆರ್‌ಕೆಓ ಸ್ಟುಡಿಯೋದಲ್ಲಿ ಆರ್ಸನ್ ವೆಲ್ಸ್ ತಮ್ಮ ಎರಡನೇ ಸಿನಿಮಾ ತೆಗೆಯುತ್ತಿದ್ದರು. ಹೆಸರು 'ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್'. ಕಾಲ ಬದಲಾದಂತೆ ಒಂದು ಸಿರಿವಂತ ಮನೆತನ ನಿಧಾನವಾಗಿ ಕುಸಿಯುವ ಕಥೆ. ಆ ಮನೆತನದ ಬಂಗಲೆಗಾಗಿ ಸ್ಟುಡಿಯೋ ಒಳಗೆ ದೊಡ್ಡ ಸೆಟ್ ಹಾಕಿದರು. ಅದರ ನಡುವೆ ಅಂತಸ್ತಿನಿಂದ ಅಂತಸ್ತಿಗೆ ತಿರುಗಿ ಏರುವ ಮೆಟ್ಟಿಲು. ಆ ಮೆಟ್ಟಿಲ ಮೇಲೆ ನಿಂತು ಪಾತ್ರಗಳು ಜಗಳ ಆಡುತ್ತವೆ, ಕದ್ದು ಕೇಳಿಸಿಕೊಳ್ಳುತ್ತವೆ, ಒಬ್ಬರನ್ನೊಬ್ಬರು ನೋಯಿಸುತ್ತವೆ.

ಮರುವರ್ಷ ಅದೇ ಸ್ಟುಡಿಯೋದಿಂದ 'ಕ್ಯಾಟ್ ಪೀಪಲ್' ಎಂಬ ಪುಟ್ಟ ಭಯದ ಸಿನಿಮಾ ಬಂತು. ಅದರ ನಾಯಕಿ ತನ್ನ ಮನೆಗೆ ಹತ್ತಿ ಹೋಗುವುದು ಇದೇ ಮೆಟ್ಟಿಲನ್ನು. ಹೊಸ ಸೆಟ್ ಹಾಕಲು ದುಡ್ಡಿರಲಿಲ್ಲ. ಇದ್ದದ್ದನ್ನೇ ಬಳಸಿಕೊಂಡರು.

ಒಂದೇ ಸ್ಟುಡಿಯೋ, ಒಂದೇ ವರ್ಷ, ಒಂದೇ ಮೆಟ್ಟಿಲು. ದೊಡ್ಡ ಸಿನಿಮಾ ಕತ್ತರಿಗೆ ಸಿಕ್ಕು ಹೋಳಾಯಿತು. ಚಿಕ್ಕದು ಇವತ್ತಿಗೂ ಇಡಿಯಾಗಿ ಉಳಿದಿದೆ. ಯಾಕೆ ಹೀಗಾಯಿತು ಅಂತ ಯೋಚಿಸುತ್ತಾ ಹೋದರೆ, ಸ್ಟುಡಿಯೋ ಮತ್ತು ಸಿನಿಮಾ ನಡುವಿನ ಸಂಬಂಧ ತಕ್ಕಮಟ್ಟಿಗೆ ಅರ್ಥವಾಗುತ್ತದೆ ಅಂತ ನನ್ನ ನಂಬಿಕೆ.

ಮೊದಲು ದೊಡ್ಡದರ ಕಥೆ.

ವೆಲ್ಸ್ ತಮ್ಮ ಮೊದಲ ಸಿನಿಮಾ 'ಸಿಟಿಜನ್ ಕೇನ್' ಮಾಡುವಾಗ ಫೈನಲ್ ಕಟ್ ಅವರ ಕೈಯಲ್ಲಿತ್ತು. ಅಂದರೆ ತೆರೆಗೆ ಹೋಗುವ ಕೊನೆಯ ರೂಪ ಯಾವುದು ಅಂತ ತೀರ್ಮಾನಿಸುವ ಹಕ್ಕು. ಇಪ್ಪತ್ನಾಲ್ಕರ ಹುಡುಗನಿಗೆ ಇಂಥ ಹಕ್ಕು ಸಿಕ್ಕಿದ್ದು ಹಾಲಿವುಡ್‌ನಲ್ಲಿ ತುಂಬಾ ಅಪರೂಪ. ಆದರೆ ಆ ಸಿನಿಮಾ ದುಡ್ಡು ಮಾಡಲಿಲ್ಲ. ಮುಂದಿನ ಒಪ್ಪಂದಕ್ಕೆ ಸಹಿ ಹಾಕುವಾಗ ಆ ಹಕ್ಕು ವೆಲ್ಸ್ ಕೈಬಿಟ್ಟಿತು. ಒಪ್ಪಂದದ ಹಾಳೆಯಲ್ಲಿ ಬದಲಾದದ್ದು ಒಂದೆರಡು ಸಾಲು ಇರಬಹುದು. ಮುಂದೆ ಆದದ್ದೆಲ್ಲಾ ಅದರಿಂದಲೇ.

1942ರ ಫೆಬ್ರವರಿಯಲ್ಲಿ ವೆಲ್ಸ್ ಬ್ರೆಜಿಲ್‌ಗೆ ಹೋದರು. ಯುದ್ಧದ ಕಾಲ. ದಕ್ಷಿಣ ಅಮೆರಿಕದ ದೇಶಗಳ ಜೊತೆ ಸ್ನೇಹ ಬೆಳೆಸಲು ಅಲ್ಲೊಂದು ಸಿನಿಮಾ ಮಾಡಿ ಅಂತ ಸರ್ಕಾರದ ಕಡೆಯಿಂದ ಕೇಳಿಕೊಂಡಿದ್ದರು. 'ಆಂಬರ್ಸನ್ಸ್' ಎಡಿಟಿಂಗ್ ಇನ್ನೂ ಮುಗಿದಿರಲಿಲ್ಲ. ಎಡಿಟರ್ ರಾಬರ್ಟ್ ವೈಸ್ ಹಾಲಿವುಡ್‌ನಲ್ಲಿ ಕೂತು, ದೂರದಿಂದ ಬರುತ್ತಿದ್ದ ಟೆಲಿಗ್ರಾಂಗಳನ್ನು ಓದಿಕೊಂಡು ಕೆಲಸ ಮಾಡುತ್ತಿದ್ದರು.

ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾ ಎಂಬ ಊರಿನಲ್ಲಿ ಪ್ರಿವ್ಯೂ, ಅಂದರೆ ಬಿಡುಗಡೆಗೆ ಮುಂಚೆ ಜನರಿಗೆ ತೋರಿಸಿ ನೋಡುವ ಪ್ರದರ್ಶನ ಇಟ್ಟರು. ಜನ ಬಂದಿದ್ದು ಒಂದು ಹಾಡು ಕುಣಿತದ ಸಿನಿಮಾ ನೋಡಲು. ಅದು ಮುಗಿದ ಮೇಲೆ ಇದನ್ನು ಹಾಕಿದರು. ನಗುನಗುತ್ತಾ ಕೂತಿದ್ದ ಹುಡುಗರ ಮುಂದೆ, ಒಂದು ಮನೆತನದ ಸಾವಿನ ಕಥೆ! ಅಳಬೇಕಾದ ಕಡೆ ನಕ್ಕರು. ಎದ್ದು ಹೋದರು. ಅಭಿಪ್ರಾಯದ ಚೀಟಿಗಳಲ್ಲಿ ಹೆಚ್ಚಿನವು ಬೈಗುಳ. ಕೆಲವು ಚೀಟಿಗಳಲ್ಲಿ ಇದು ಅದ್ಭುತ ಅಂತಲೂ ಬರೆದಿತ್ತು. ಆದರೆ ದುಡ್ಡು ಹಾಕಿದವರ ಕಿವಿಗೆ ಕೇಳಿಸಿದ್ದು ಆ ನಗು ಮಾತ್ರ.

ಆಮೇಲೆ ನಡೆದದ್ದು ನೋಡಿ. ಎರಡು ಗಂಟೆಗೂ ಮೀರಿದ್ದ ಸಿನಿಮಾ 88 ನಿಮಿಷಕ್ಕೆ ಇಳಿಯಿತು. ನಲವತ್ತಕ್ಕೂ ಹೆಚ್ಚು ನಿಮಿಷ ಹೋಯಿತು. ಕತ್ತಲೆಯಂತಿದ್ದ ಕೊನೆಯನ್ನು ತೆಗೆದು, ಬೇರೆಯವರ ಕೈಯಲ್ಲಿ ಒಂದು ಸಮಾಧಾನದ ಕೊನೆ ತೆಗೆಸಿ ಅಂಟಿಸಿದರು. ಸಂಗೀತವನ್ನೂ ಕತ್ತರಿಸಿದರು. ಸಂಗೀತ ಕೊಟ್ಟಿದ್ದ ಬರ್ನಾರ್ಡ್ ಹರ್ಮನ್ ಸಿಟ್ಟಾಗಿ ತಮ್ಮ ಹೆಸರನ್ನೇ ತೆಗೆಸಿಬಿಟ್ಟರು. ಕೊನೆಗೆ ಕತ್ತರಿಸಿದ ಭಾಗದ ನೆಗೆಟಿವ್, ಅಂದರೆ ಪ್ರತಿಗಳನ್ನು ತೆಗೆಯುವ ಮೂಲ ರೀಲನ್ನೂ ನಾಶ ಮಾಡಿದರು. ಉಗ್ರಾಣದಲ್ಲಿ ಜಾಗ ಬೇಕಿತ್ತು, ಅಷ್ಟೇ ಕಾರಣ.

ನಾನು ಎಡಿಟಿಂಗ್ ಟೇಬಲ್ ಮುಂದೆ ಕೂತು ಕೆಲಸ ಮಾಡಿದವನು. ಕತ್ತರಿಸುವುದು ಪಾಪ ಅಂತ ನಾನು ಹೇಳಲಾರೆ. ಕತ್ತರಿಸುವುದೇ ನಮ್ಮ ಕೆಲಸ. ಆದರೆ ತೆಗೆದದ್ದನ್ನು ಒಂದು ಡಬ್ಬದಲ್ಲಿ ಹಾಕಿ, ಮೇಲೆ ಹೆಸರು ಬರೆದು ಇಡುತ್ತೇವೆ. ನಾಳೆ ಬೇಕಾದೀತು ಅಂತ. ಆ ಡಬ್ಬವನ್ನೇ ಸುಟ್ಟುಬಿಟ್ಟರೆ, ನಾಳೆಯವರ ಪಾಲಿನ ತೀರ್ಪನ್ನೂ ಇವತ್ತಿನವರೇ ಕೊಟ್ಟಂತೆ. ಇದನ್ನು ಓದಿದಾಗಲೆಲ್ಲಾ ನನಗೆ ಹೊಟ್ಟೆ ಉರಿಯುತ್ತದೆ.

ಈಗ ಚಿಕ್ಕ ಸಿನಿಮಾ.

'ಆಂಬರ್ಸನ್ಸ್' ಗಲಾಟೆಯ ನಡುವೆ ಆರ್‌ಕೆಓ ಮುಖ್ಯಸ್ಥರು ಬದಲಾದರು. ಹೊಸದಾಗಿ ಬಂದ ಚಾರ್ಲ್ಸ್ ಕರ್ನರ್ ಥಿಯೇಟರ್ ವ್ಯವಹಾರ ಬಲ್ಲವರು. ಮಹಾ ಪ್ರತಿಭೆಗಳ ಸಹವಾಸ ಸಾಕು, ಜನರಿಗೆ ಬೇಕಾದದ್ದು ಕೊಡೋಣ ಅನ್ನುವುದು ಸ್ಟುಡಿಯೋದ ಹೊಸ ಮಂತ್ರವಾಯಿತು. ಕಡಿಮೆ ಖರ್ಚಿನ ಭಯದ ಸಿನಿಮಾಗಳಿಗಾಗಿ ಒಂದು ಚಿಕ್ಕ ತಂಡ ಕಟ್ಟಿದರು. ಅದರ ಹೊಣೆ ವಾಲ್ ಲ್ಯೂಟನ್ ಎಂಬ ನಿರ್ಮಾಪಕರಿಗೆ. ಷರತ್ತು ಮೂರು. ಒಂದು ಸಿನಿಮಾಗೆ ಒಂದೂವರೆ ಲಕ್ಷ ಡಾಲರ್ ಮೀರಬಾರದು. 75 ನಿಮಿಷ ದಾಟಬಾರದು. ಮೂರನೆಯದು ವಿಚಿತ್ರ: ಹೆಸರನ್ನು ಸ್ಟುಡಿಯೋ ಕೊಡುತ್ತದೆ, ಆ ಹೆಸರಿಗೆ ಕಥೆಯನ್ನು ನೀವು ಹುಡುಕಿಕೊಳ್ಳಿ!

ಮೊದಲು ಕೊಟ್ಟ ಹೆಸರೇ 'ಕ್ಯಾಟ್ ಪೀಪಲ್'. ಬೆಕ್ಕು ಮನುಷ್ಯರು. ಇಂಥ ಹೆಸರು ಕೈಗೆ ಕೊಟ್ಟರೆ ಯಾರಾದರೂ ಏನು ಮಾಡುತ್ತಾರೆ? ಮುಖಕ್ಕೆ ಕೂದಲು ಅಂಟಿಸಿ, ಉಗುರು ಹಾಕಿ, ಹಾರಿಸುತ್ತಾರೆ. ಲ್ಯೂಟನ್ ಮತ್ತು ನಿರ್ದೇಶಕ ಜಾಕ್ ಟರ್ನರ್ ಹಾಗೆ ಮಾಡಲಿಲ್ಲ. ಒಳ್ಳೆಯ ಮೇಕಪ್ಪಿಗೆ ದುಡ್ಡಿಲ್ಲ. ಕೆಟ್ಟ ಮೇಕಪ್ಪು ತೋರಿಸಿದರೆ ಜನ ನಗುತ್ತಾರೆ. ಹಾಗಾದರೆ ತೋರಿಸುವುದೇ ಬೇಡ. ಕತ್ತಲಲ್ಲಿ ಇಡೋಣ.

ಆ ಸಿನಿಮಾದಲ್ಲಿ ಒಂದು ಈಜುಕೊಳದ ದೃಶ್ಯ ಇದೆ. ರಾತ್ರಿ, ಒಬ್ಬಳೇ ಹೆಣ್ಣುಮಗಳು ನೀರಿನಲ್ಲಿದ್ದಾಳೆ. ಗೋಡೆಯ ಮೇಲೆ ನೀರಿನ ಬೆಳಕು ತೂಗಾಡುತ್ತಿದೆ. ಎಲ್ಲೋ ಗುರ್ ಎಂದ ಸದ್ದು. ಒಂದು ನೆರಳು ಹಾದಂತಾಯಿತು. ಅಷ್ಟೇ. ಏನೂ ಕಾಣಿಸುವುದಿಲ್ಲ. ಇನ್ನೊಂದು ದೃಶ್ಯದಲ್ಲಿ ಅದೇ ಹುಡುಗಿ ಖಾಲಿ ರಸ್ತೆಯಲ್ಲಿ ನಡೆಯುತ್ತಿದ್ದಾಳೆ. ಹಿಂದಿನಿಂದ ಹೆಜ್ಜೆ ಸದ್ದು ಬರುತ್ತಿರುತ್ತದೆ. ಇದ್ದಕ್ಕಿದ್ದಂತೆ ಅದು ನಿಲ್ಲುತ್ತದೆ. ಅವಳು ಓಡುತ್ತಾಳೆ. ನಾವು ಉಸಿರು ಬಿಗಿಹಿಡಿದಿರುವಾಗ ಬುಸ್ ಎಂದು ಏನೋ ತೆರೆಗೆ ನುಗ್ಗುತ್ತದೆ. ನೋಡಿದರೆ ಬಸ್ಸು. ಬ್ರೇಕಿನ ಸದ್ದು! ಇವತ್ತಿನ ಭಯದ ಸಿನಿಮಾಗಳಲ್ಲಿ ನಮ್ಮನ್ನು ಬೆಚ್ಚಿಬೀಳಿಸುವ ಆ ತಂತ್ರಕ್ಕೆ ಸಿನಿಮಾದವರ ನಡುವೆ ಈಗಲೂ 'ಲ್ಯೂಟನ್ ಬಸ್' ಎಂಬ ಹೆಸರಿದೆ.

ಆ ಬಸ್ಸಿನ ಕಟ್ ಮಾಡಿದ ಎಡಿಟರ್ ಮಾರ್ಕ್ ರಾಬ್ಸನ್. ಇವರು ಕೆಲವೇ ತಿಂಗಳ ಹಿಂದೆ ರಾಬರ್ಟ್ ವೈಸ್ ಜೊತೆ 'ಆಂಬರ್ಸನ್ಸ್' ಎಡಿಟಿಂಗ್‌ನಲ್ಲಿ ಇದ್ದವರು. ಒಂದು ಕಡೆ ಅದೇ ಕೈ ಬೇರೆಯವರ ಹೆದರಿಕೆಗೆ ಕೆಲಸ ಮಾಡಿತು. ಇನ್ನೊಂದು ಕಡೆ ಹೊಸದೊಂದನ್ನು ಹುಟ್ಟಿಸಿತು.

ಚಿಕ್ಕ ಸಿನಿಮಾದಲ್ಲಿ ಸ್ಟುಡಿಯೋ ಕೈ ಹಾಕಲೇ ಇಲ್ಲ ಅಂತಲ್ಲ. ನಾಯಕಿ ಚಿರತೆಯಾಗುತ್ತಾಳೆ ಅನ್ನುವುದೇ ಆ ಕಥೆಯ ಭಯ. ಒಂದು ಕಡೆ ಆ ಚಿರತೆಯನ್ನು ತೋರಿಸಲೇಬೇಕು ಅಂತ ಹಟ ಹಿಡಿದರು. ಟರ್ನರ್ ಚಿರತೆ ತಂದರು, ಆದರೆ ಕತ್ತಲಲ್ಲಿ ಇದೆಯೋ ಇಲ್ಲವೋ ಅನ್ನುವ ಹಾಗೆ ತೆಗೆದರು. ಸಿನಿಮಾ ಹಾಕಿದ ದುಡ್ಡಿನ ಹಲವು ಪಟ್ಟು ತಂದಿತು.

ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ. ಎರಡೂ ಸಿನಿಮಾಗಳ ಮೇಲೆ ಸ್ಟುಡಿಯೋ ಒತ್ತಡ ಇತ್ತು. ನಿಜ ಹೇಳಬೇಕೆಂದರೆ ಲ್ಯೂಟನ್ ಮೇಲಿನ ಒತ್ತಡ ಇನ್ನೂ ಜಾಸ್ತಿ. ಸಿನಿಮಾದ ಹೆಸರು ಕೂಡ ಅವರದಲ್ಲ. ಆದರೆ ಅವರಿಗೆ ಷರತ್ತು ಹಾಕಿದ್ದು ಮೊದಲು. ಕಥೆ ಬರೆಯುವ ಮುಂಚೆ, ಲೈಟ್ ಹಚ್ಚುವ ಮುಂಚೆ. ಆಗ ಕಲಾವಿದರು ಆ ಗೆರೆಯ ಒಳಗೇ ಯೋಚಿಸುತ್ತಾರೆ. ಇಲ್ಲದ ದುಡ್ಡು ಕತ್ತಲೆಯಾಗುತ್ತದೆ, ಕತ್ತಲೆಯೇ ಭಯವಾಗುತ್ತದೆ. ವೆಲ್ಸ್‌ಗೆ ಷರತ್ತು ಬಂದಿದ್ದು ಎಲ್ಲಾ ಮುಗಿದ ಮೇಲೆ. ಮನೆ ಕಟ್ಟಿ ಮುಗಿದ ಮೇಲೆ ನಡುವಿನ ಕಂಬ ತೆಗೆದ ಹಾಗೆ. ಸ್ಟುಡಿಯೋ ದುಡ್ಡಿನ ಬಗ್ಗೆ ಯೋಚಿಸಿತೋ ಇಲ್ಲವೋ ಅನ್ನುವುದಕ್ಕಿಂತ, ಆ ಯೋಚನೆ ಯಾವ ಹೊತ್ತಿನಲ್ಲಿ ಬಂತು ಅನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ.

ಮೊದಲೇ ಬಂದ ಮಿತಿಗೆ ಇನ್ನೆರಡು ಉದಾಹರಣೆ ಕೊಡುತ್ತೇನೆ.

ನಿರ್ದೇಶಕ ಹಿಚ್‌ಕಾಕ್ 'ಸೈಕೋ' ಮಾಡಲು ಹೊರಟಾಗ ಪ್ಯಾರಾಮೌಂಟ್ ಸ್ಟುಡಿಯೋಗೆ ಆ ಕಥೆ ಒಂದಿಷ್ಟೂ ಇಷ್ಟವಾಗಲಿಲ್ಲ. ದುಡ್ಡು ಹಾಕಲು ಒಪ್ಪಲಿಲ್ಲ. ಸರಿ, ನಾನೇ ಹಾಕುತ್ತೇನೆ, ನನಗೆ ಸಂಬಳ ಬೇಡ, ಪಾಲು ಕೊಡಿ ಎಂದರು ಹಿಚ್‌ಕಾಕ್. ಖರ್ಚು ಸುಮಾರು 8 ಲಕ್ಷ ಡಾಲರ್. ತಮ್ಮ ಟಿವಿ ಕಾರ್ಯಕ್ರಮದ ತಂಡವನ್ನೇ ಕರೆತಂದು, ಕಪ್ಪು ಬಿಳುಪಿನಲ್ಲಿ, ಬೇಗ ಬೇಗ ತೆಗೆದರು. ಆ ಸಿನಿಮಾದ ಒಣ, ಬಿರುಸು ನೋಟ ಆ ಟಿವಿ ತಂಡದ ಕೆಲಸದ ರೀತಿಯಿಂದಲೂ ಬಂದದ್ದು. 1960ರಲ್ಲಿ ಬಿಡುಗಡೆಯಾಗಿ ಅವರನ್ನು ಶ್ರೀಮಂತರನ್ನಾಗಿ ಮಾಡಿತು. ಬೇಡ ಅಂದದ್ದು ಕೂಡ ಸ್ಟುಡಿಯೋದ ಒಂದು ನಿರ್ಧಾರವೇ ಅಲ್ವಾ? ಅದೂ ಸಿನಿಮಾದ ಮುಖವನ್ನು ಬದಲಿಸಿತು.

ಇನ್ನೊಂದು ಜಪಾನಿನ ತೋಹೋ ಸ್ಟುಡಿಯೋದ್ದು. ಇಂಡೋನೇಷ್ಯಾ ಜೊತೆ ಸೇರಿ ಮಾಡಬೇಕಿದ್ದ ಒಂದು ಸಿನಿಮಾ ನಿಂತುಹೋಯಿತು. ನಿರ್ಮಾಪಕ ತನಾಕಾ ತೊಮೊಯುಕಿಗೆ ಆ ಜಾಗ ತುಂಬಲು ತಕ್ಷಣ ಏನಾದರೂ ಬೇಕಿತ್ತು. ಅದೇ 'ಗಾಡ್ಜಿಲ್ಲಾ' ಎಂಬ ದೈತ್ಯ ಪ್ರಾಣಿಯ ಸಿನಿಮಾ. ತಂತ್ರಜ್ಞ ಎಯ್ಜಿ ತ್ಸುಬುರಾಯಾಗೆ ಗೊಂಬೆಯನ್ನು ಫ್ರೇಮ್ ಫ್ರೇಮ್ ಆಗಿ ಅಲುಗಿಸಿ ತೆಗೆಯುವ ಆಸೆ. ಅದಕ್ಕೆ ಸಮಯವೂ ಇಲ್ಲ, ದುಡ್ಡೂ ಇಲ್ಲ. ಹಾಗಾಗಿ ಮನುಷ್ಯನಿಗೆ ಭಾರದ ವೇಷ ತೊಡಿಸಿ, ಪುಟ್ಟ ಪುಟ್ಟ ಕಟ್ಟಡಗಳ ನಡುವೆ ನಡೆಸಿದರು. ಕ್ಯಾಮೆರಾ ವೇಗ ಹೆಚ್ಚಿಸಿ ತೆಗೆದದ್ದರಿಂದ ತೆರೆಯ ಮೇಲೆ ಪ್ರತಿ ಹೆಜ್ಜೆಯೂ ನಿಧಾನವಾಗಿ, ತೂಕವಾಗಿ ಕಂಡಿತು. ಆ ತೂಕವೇ ಗಾಡ್ಜಿಲ್ಲಾ. ಅದೇ 1954ರಲ್ಲಿ ಅದೇ ತೋಹೋ 'ಸೆವೆನ್ ಸಮುರಾಯ್' ಕೂಡ ಹೊರತಂದಿತು. ಖರ್ಚು ಕೈಮೀರಿದೆ ಅಂತ ಅದರ ಚಿತ್ರೀಕರಣವನ್ನು ನಡುವೆ ನಿಲ್ಲಿಸಿದ್ದೂ ಉಂಟು. ಇಷ್ಟು ದುಡ್ಡು ಹಾಕಿದ ಮೇಲೆ ಸ್ಟುಡಿಯೋದವರು ಬಿಡಲಾರರು ಅಂತ ನಿರ್ದೇಶಕ ಕುರೊಸಾವಾಗೆ ಗೊತ್ತಿತ್ತು. ಆ ಬಿಡುವಿನಲ್ಲಿ ಮೀನು ಹಿಡಿಯಲು ಹೋಗುತ್ತಿದ್ದರಂತೆ.

ಇನ್ನು, ಮುಗಿದ ಮೇಲೆ ಬರುವ ಕತ್ತರಿ.

'ಬ್ಲೇಡ್ ರನ್ನರ್' ನಿಮ್ಮಲ್ಲಿ ತುಂಬಾ ಜನ ನೋಡಿರುತ್ತೀರಿ. 1982ರಲ್ಲಿ ಅದರ ಟೆಸ್ಟ್ ಸ್ಕ್ರೀನಿಂಗ್ ಆದಾಗ ಜನರಿಗೆ ಕಥೆ ಅರ್ಥವಾಗಲಿಲ್ಲ. ಖರ್ಚು ಆಗಲೇ ಮಿತಿ ಮೀರಿತ್ತು, ಹಾಗಾಗಿ ದುಡ್ಡು ಹಾಕಿದವರ ಮಾತೇ ನಡೆಯಿತು. ನಾಯಕನ ಬಾಯಲ್ಲಿ ವಿವರಣೆ ಹೇಳಿಸಿದರು. ಕೊನೆಗೆ ನಾಯಕ ನಾಯಕಿ ಹಸಿರು ಬೆಟ್ಟಗಳ ಕಡೆ ಕಾರಿನಲ್ಲಿ ಹೋಗುವ ಸುಖಾಂತ್ಯ ಸೇರಿಸಿದರು. ಆ ಬೆಟ್ಟಗಳ ದೃಶ್ಯ ಎಲ್ಲಿಂದ ಬಂತು ಗೊತ್ತಾ? ಕ್ಯೂಬ್ರಿಕ್ 'ದಿ ಶೈನಿಂಗ್' ಸಿನಿಮಾಗಾಗಿ ಹೆಲಿಕಾಪ್ಟರ್‌ನಿಂದ ತೆಗೆಸಿ, ಬಳಸದೆ ಉಳಿಸಿದ್ದ ರೀಲುಗಳಿಂದ. ಸಿನಿಮಾ ಪೂರ್ತಿ ಕತ್ತಲೆ, ಮಳೆ, ಹೊಗೆ. ಕೊನೆಯ ನಿಮಿಷದಲ್ಲಿ ಬೇರೆ ಯಾರದೋ ಆಕಾಶ! ನೋಡಿದರೆ ಅಂಟಿಸಿದ್ದು ಅಂತ ತಕ್ಷಣ ತಿಳಿಯುತ್ತದೆ.

ಆದರೆ ಇಲ್ಲಿ ಹಳೆಯ ಪ್ರತಿ ಉಳಿದಿತ್ತು. 1990ರಲ್ಲಿ ಅದನ್ನು ಲಾಸ್ ಏಂಜಲೀಸ್‌ನಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲದೆ ಪ್ರದರ್ಶಿಸಿದರು. ಜನ ಬೆರಗಾದರು. ಅದರಿಂದ 1992ರಲ್ಲಿ ಒಂದು ರೂಪ, 2007ರಲ್ಲಿ ನಿರ್ದೇಶಕ ರಿಡ್ಲಿ ಸ್ಕಾಟ್ ಪೂರ್ತಿ ಒಪ್ಪಿದ ಇನ್ನೊಂದು ರೂಪ ಬಂದವು. 25 ವರ್ಷ ಹಿಡಿಯಿತು.

ಈ ಹಂತದಲ್ಲಿ ನೀವು ಕೇಳಬಹುದು: ಮುಗಿದ ಮೇಲೆ ಬದಲಿಸಿದ್ದೆಲ್ಲಾ ಕೆಟ್ಟದ್ದೇ? ಇಲ್ಲ. ನನ್ನ ಮಾತಿಗೆ ನಾನೇ ತಡೆ ಹಾಕಬೇಕಾದ ಜಾಗ ಇದು.

ಬಿಲ್ಲಿ ವೈಲ್ಡರ್ ಅವರ 'ಸನ್‌ಸೆಟ್ ಬುಲೆವಾರ್ಡ್' ಮೊದಲು ಶವಾಗಾರದಲ್ಲಿ ಶುರುವಾಗುತ್ತಿತ್ತು. ಹೆಣಗಳು ಒಂದರ ಜೊತೆ ಒಂದು ಮಾತಾಡುತ್ತವೆ. ಪ್ರಿವ್ಯೂನಲ್ಲಿ ಹೆಣದ ಕಾಲ್ಬೆರಳಿಗೆ ಚೀಟಿ ಕಟ್ಟಿದ ತಕ್ಷಣ ಜನ ಗೊಳ್ಳೆಂದು ನಕ್ಕರು. ನೋಡಿ, ಪೊಮೋನಾದಲ್ಲಿ ಕೇಳಿದ್ದೂ ಇಂಥದೇ ನಗು. ಆದರೆ ಇಲ್ಲಿ ಅದನ್ನು ಸರಿಮಾಡಲು ಕೂತವರು ವೈಲ್ಡರ್ ಅವರೇ. ಶವಾಗಾರ ತೆಗೆದರು. ಈಜುಕೊಳದಲ್ಲಿ ತೇಲುತ್ತಿರುವ ಹೆಣದಿಂದ ಶುರುಮಾಡಿದರು. ಸತ್ತವನೇ ಕಥೆ ಹೇಳುತ್ತಾನೆ ಅನ್ನುವ ಮೂಲ ಆಸೆ ಹಾಗೇ ಉಳಿಯಿತು. ಸಿನಿಮಾ ಮೊದಲಿಗಿಂತ ಚೆನ್ನಾಯಿತು ಅಂತಲೇ ನನ್ನ ಅಭಿಪ್ರಾಯ.

'ಕ್ಯಾಸಬ್ಲಾಂಕಾ' ಇನ್ನೂ ಸೊಗಸಾದ ಉದಾಹರಣೆ. ಅದು ಪಕ್ಕಾ ಸ್ಟುಡಿಯೋ ಸಿನಿಮಾ. ವಾರ್ನರ್ ಬ್ರದರ್ಸ್‌ನಲ್ಲಿ ಸಂಬಳಕ್ಕಿದ್ದ ಬರಹಗಾರರು, ಸಂಬಳಕ್ಕಿದ್ದ ನಟರು, ಸಂಬಳಕ್ಕಿದ್ದ ನಿರ್ದೇಶಕ. ಚಿತ್ರೀಕರಣ ನಡೆಯುತ್ತಿರುವಾಗಲೂ ಸಂಭಾಷಣೆ ಬರೆಯುತ್ತಲೇ ಇದ್ದರು. ಸ್ನೇಹ ಶುರುವಾಗುತ್ತಿದೆ ಅನ್ನುವ ಆ ಪ್ರಸಿದ್ಧ ಕೊನೆಯ ಮಾತು ಇದೆಯಲ್ಲ, ಅದನ್ನು ಬರೆದದ್ದು ನಿರ್ಮಾಪಕ ಹ್ಯಾಲ್ ವಾಲಿಸ್. ಚಿತ್ರೀಕರಣ ಮುಗಿದ ಮೇಲೆ ಬೋಗಾರ್ಟ್ ಅವರನ್ನು ಕರೆಸಿ ಧ್ವನಿ ಮುದ್ರಿಸಿ ಸೇರಿಸಿದರು. ಒಬ್ಬ ನಿರ್ಮಾಪಕ ಸಿನಿಮಾವನ್ನು ಪ್ರೀತಿಯಿಂದ ನೋಡಿದರೆ ಏನು ಕೊಡಬಲ್ಲ ಅನ್ನುವುದಕ್ಕೆ ಆ ಒಂದು ಸಾಲು ಸಾಕು.

ಅದೇ ಸಿನಿಮಾ ಕೂದಲೆಳೆಯಲ್ಲಿ ಪಾರಾಗಿದ್ದೂ ಇದೆ. ಈ ಮಾತು ಅಕ್ಷರಶಃ ನಿಜ. ಸಂಗೀತಗಾರ ಮ್ಯಾಕ್ಸ್ ಸ್ಟೈನರ್‌ಗೆ 'ಆ್ಯಸ್ ಟೈಮ್ ಗೋಸ್ ಬೈ' ಹಾಡು ಹಿಡಿಸಿರಲಿಲ್ಲ. ತಮ್ಮದೇ ಹಾಡು ಹಾಕಬೇಕೆಂದಿದ್ದರು. ಅದಕ್ಕೆ ಇಂಗ್ರಿಡ್ ಬರ್ಗ್‌ಮನ್ ದೃಶ್ಯಗಳನ್ನು ಮತ್ತೆ ತೆಗೆಯಬೇಕು. ಅಷ್ಟರಲ್ಲಿ ಅವರು ಮುಂದಿನ ಸಿನಿಮಾಗಾಗಿ ಕೂದಲು ಕತ್ತರಿಸಿಕೊಂಡಿದ್ದರು! ಹಾಡು ಉಳಿಯಿತು. 1942ರ ನವೆಂಬರ್‌ನಲ್ಲಿ ಮಿತ್ರಪಡೆಗಳು ಉತ್ತರ ಆಫ್ರಿಕಾದಲ್ಲಿ ಇಳಿದವು. ಕ್ಯಾಸಬ್ಲಾಂಕಾ ಅಲ್ಲಿಯದೇ ಒಂದು ಊರು. ಆ ಹೆಸರು ಪತ್ರಿಕೆಯಲ್ಲಿ ಇರುವಾಗಲೇ ಸಿನಿಮಾ ಬರಲಿ ಅಂತ ಸ್ಟುಡಿಯೋ ಅದೇ ತಿಂಗಳು ನ್ಯೂಯಾರ್ಕ್‌ನಲ್ಲಿ ಮೊದಲ ಪ್ರದರ್ಶನ ಇಟ್ಟಿತು. ಯುದ್ಧದ ಹೊಸ ಸುದ್ದಿಗೆ ತಕ್ಕಂತೆ ಇನ್ನೊಂದು ಕೊನೆಯ ದೃಶ್ಯ ಸೇರಿಸುವ ಮಾತೂ ನಡೆದಿತ್ತು. ಅದನ್ನು ಬಿಟ್ಟರು. ಪುಣ್ಯ.

1987ರ 'ಫೇಟಲ್ ಅಟ್ರಾಕ್ಷನ್' ಬಗ್ಗೆ ನನಗೆ ಅಷ್ಟು ಸಮಾಧಾನ ಇಲ್ಲ. ಮದುವೆಯಾದ ಗಂಡಸಿನ ಬೆನ್ನು ಬಿಡದ ಒಬ್ಬ ಹೆಣ್ಣಿನ ಕಥೆ ಅದು. ಮೊದಲ ರೂಪದಲ್ಲಿ ಆ ಹೆಣ್ಣು ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಪ್ರೇಕ್ಷಕರಿಗೆ ಅವಳಿಗೆ ಶಿಕ್ಷೆಯಾಗಬೇಕಿತ್ತು. ಹೊಸ ಕೊನೆ ತೆಗೆದು ಅವಳನ್ನು ಕೊಲ್ಲಿಸಿದರು. ನಟಿ ಗ್ಲೆನ್ ಕ್ಲೋಸ್ ಬಲವಾಗಿ ವಿರೋಧಿಸಿದರು. ಸಿನಿಮಾ ಭಾರಿ ಗೆದ್ದಿತು. ವ್ಯಾಪಾರದ ಲೆಕ್ಕದಲ್ಲಿ ಸ್ಟುಡಿಯೋ ಸರಿ. ಆದರೆ ಒಬ್ಬ ನೊಂದ ಮನುಷ್ಯಳು ಕೊನೆಯ ಹತ್ತು ನಿಮಿಷದಲ್ಲಿ ಬರೀ ರಾಕ್ಷಸಿಯಾದಳು.

ಇಲ್ಲಿಯವರೆಗೆ ಒಂದೊಂದು ಸಿನಿಮಾ ಹಿಡಿದು ಮಾತಾಡಿದೆ. ಆದರೆ ಹೆಚ್ಚಿನ ನಿರ್ಧಾರಗಳು ಒಂದು ಸಿನಿಮಾಗೆ ಅಂತ ಆಗುವುದಿಲ್ಲ. ಇಡೀ ವ್ಯಾಪಾರದ ರಚನೆಯಿಂದಲೇ ಹುಟ್ಟುತ್ತವೆ.

1948ಕ್ಕೆ ಮುಂಚೆ ಹಾಲಿವುಡ್‌ನ ಐದು ದೊಡ್ಡ ಸ್ಟುಡಿಯೋಗಳಿಗೆ ತಮ್ಮದೇ ಥಿಯೇಟರ್‌ಗಳಿದ್ದವು. ವಾರ ವಾರ ಅವನ್ನು ತುಂಬಬೇಕು. ಹಾಗಾಗಿ ಸಾಲು ಸಾಲು ಸಿನಿಮಾ ಬೇಕು. ಬೇರೆಯವರ ಥಿಯೇಟರ್‌ಗಳಿಗೆ, ಈ ಒಳ್ಳೆಯ ಸಿನಿಮಾ ಬೇಕಾದರೆ ಜೊತೆಗೆ ಇಷ್ಟು ಸಾಧಾರಣದ್ದನ್ನೂ ತೆಗೆದುಕೊಳ್ಳಿ ಅಂತ ಕಟ್ಟು ಕಟ್ಟಾಗಿ ಮಾರುತ್ತಿದ್ದರು. ಅದು ಅನ್ಯಾಯವೇ. ಆದರೆ ಲ್ಯೂಟನ್ ಅವರಂಥ ತಂಡಕ್ಕೆ ಜಾಗ ಸಿಕ್ಕಿದ್ದೂ ಅದೇ ವ್ಯವಸ್ಥೆಯಲ್ಲಿ. ಮಾರಾಟ ಹೇಗೂ ಖಾತ್ರಿ. ಚಿಕ್ಕ ಸಿನಿಮಾದಲ್ಲಿ ಏನು ಬೇಕಾದರೂ ಪ್ರಯತ್ನ ಮಾಡಬಹುದಿತ್ತು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕಟ್ಟಿನ ಮಾರಾಟ ನಿಂತಿತು. ಸ್ಟುಡಿಯೋಗಳು ಥಿಯೇಟರ್ ಬಿಟ್ಟುಕೊಡಬೇಕಾಯಿತು. ಜೊತೆಗೇ ಟಿವಿ ಬಂತು. ಸಿನಿಮಾಗಳ ಸಂಖ್ಯೆ ಇಳಿಯಿತು, ಒಂದೊಂದರ ಗಾತ್ರ ಏರಿತು.

ತೆರೆಯ ಆಕಾರ ಕೂಡ ವ್ಯಾಪಾರದ ತೀರ್ಮಾನ ಅಂದರೆ ನಂಬುತ್ತೀರಾ? ಮನೆಯ ಪುಟ್ಟ ಟಿವಿಯಲ್ಲಿ ಸಿಗದ್ದನ್ನು ಕೊಡಬೇಕು ಅಂತ 1953ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಿನಿಮಾಸ್ಕೋಪ್ ತಂದಿತು. ತೆರೆ ಅಡ್ಡಕ್ಕೆ ಚಾಚಿತು. ಅದಕ್ಕೆ ತಕ್ಕಂತೆ ನಿರ್ದೇಶಕರು ನಟರನ್ನು ನಿಲ್ಲಿಸುವ ರೀತಿ ಬದಲಾಯಿತು. ಒಂದೇ ಮುಖ ತೋರಿಸಿದರೆ ಎರಡೂ ಪಕ್ಕ ಖಾಲಿ. ಹಾಗಾಗಿ ಇಬ್ಬರು ಮೂವರನ್ನು ಒಂದೇ ಚೌಕಟ್ಟಿನಲ್ಲಿ ಕೂರಿಸಿದರು. ಶಾಟ್‌ಗಳು ಉದ್ದವಾದವು. ಕಲೆ ಎಂದು ನಾವು ಇವತ್ತು ಪಾಠ ಮಾಡುವ ಎಷ್ಟೋ ಸಂಗತಿಯ ಬೇರು ಹೀಗೆ ಲೆಕ್ಕದ ಪುಸ್ತಕದಲ್ಲಿದೆ.

ಆಮೇಲೆ 'ಜಾಸ್'. ಯಂತ್ರದ ಶಾರ್ಕ್ ಉಪ್ಪುನೀರಿನಲ್ಲಿ ಕೆಟ್ಟು ಕೂತದ್ದರಿಂದ ಸ್ಪಿಲ್‌ಬರ್ಗ್ ಅದನ್ನು ತೋರಿಸದೇ ಹೆದರಿಸಿದ ಕಥೆ ನಿಮಗೆ ಗೊತ್ತೇ ಇರುತ್ತದೆ. ಲ್ಯೂಟನ್ ಅವರ ಕತ್ತಲೆ ಇಲ್ಲಿ ಸಮುದ್ರವಾಯಿತು. ಆದರೆ ವ್ಯಾಪಾರದ ಕಡೆ ಆದ ಬದಲಾವಣೆ ಇನ್ನೂ ದೊಡ್ಡದು. ಆಗ ದೊಡ್ಡ ಸಿನಿಮಾ ಸಾಮಾನ್ಯವಾಗಿ ಕೆಲವೇ ಊರುಗಳಲ್ಲಿ ಶುರುವಾಗಿ, ಬಾಯಿಂದ ಬಾಯಿಗೆ ಹೆಸರು ಹರಡಿ, ನಿಧಾನವಾಗಿ ಬೆಳೆಯುತ್ತಿತ್ತು. ಯೂನಿವರ್ಸಲ್ 1975ರ ಜೂನ್ 20ರಂದು ಇದನ್ನು 400ಕ್ಕೂ ಹೆಚ್ಚು ಥಿಯೇಟರ್‌ಗಳಲ್ಲಿ ಒಟ್ಟಿಗೆ ಬಿಟ್ಟಿತು. ಅದಕ್ಕೂ ಮುಂಚೆ ರಾತ್ರಿ ಹೊತ್ತು ಟಿವಿಯಲ್ಲಿ ಜಾಹೀರಾತು ಸುರಿಯಿತು. ಇದು ಗೆದ್ದ ಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ಮೊದಲ ಮೂರು ದಿನದ ಗಳಿಕೆಯೇ ತೀರ್ಪಾಯಿತು. ಅರ್ಧ ನಿಮಿಷದ ಜಾಹೀರಾತಿನಲ್ಲಿ ಹೇಳಲಾಗದ ಕಥೆಗೆ ದುಡ್ಡು ಹುಟ್ಟುವುದು ಕಷ್ಟವಾಯಿತು. 'ಆಂಬರ್ಸನ್ಸ್' ಕಥೆಯನ್ನು ಅರ್ಧ ನಿಮಿಷದಲ್ಲಿ ಹೇಗೆ ಮಾರುತ್ತೀರಿ?

ಎರಡು ವರ್ಷ ಬಿಟ್ಟು 'ಸ್ಟಾರ್ ವಾರ್ಸ್'. ಜಾರ್ಜ್ ಲ್ಯೂಕಸ್ ಹೆಚ್ಚಿನ ಸಂಬಳ ಕೇಳುವ ಬದಲು ಮುಂದಿನ ಭಾಗಗಳ ಮತ್ತು ಆಟಿಕೆ ಮುಂತಾದ ಸಾಮಾನುಗಳ ಹಕ್ಕು ಇಟ್ಟುಕೊಂಡರು. ಸ್ಟುಡಿಯೋ ಅದನ್ನು ಚಿಲ್ಲರೆ ವಿಷಯ ಎಂದುಕೊಂಡಿತ್ತು. ಅಲ್ಲಿಂದ ಮುಂದೆ ಯಾವ ಸ್ಟುಡಿಯೋವೂ ಆ ತಪ್ಪು ಮಾಡಲಿಲ್ಲ. ಸಿನಿಮಾ ಮುಗಿದರೂ ಪಾತ್ರ ಮುಗಿಯಬಾರದು ಅನ್ನುವ ಯೋಚನೆ ಬರವಣಿಗೆಯ ಮೇಜಿಗೆ ಬಂತು. ಕಥೆಗೆ ಕೊನೆ ಹಾಕುವುದೇ ನಷ್ಟದ ಕೆಲಸ ಆಗಿಬಿಟ್ಟರೆ ಬರೆಯುವವನು ಏನು ಮಾಡಬೇಕು?

ಇವತ್ತು ದೊಡ್ಡ ಸಿನಿಮಾಗಳಿಗೆ ಬಿಡುಗಡೆಯ ದಿನ ಮೊದಲು ಗೊತ್ತಾಗುತ್ತದೆ, ಚಿತ್ರಕಥೆ ಆಮೇಲೆ ಮುಗಿಯುತ್ತದೆ. ಹಾಲಿವುಡ್ ನಿರ್ದೇಶಕರ ಸಂಘದ ಒಪ್ಪಂದದಲ್ಲಿ, ದೊಡ್ಡ ಸಿನಿಮಾದ ನಿರ್ದೇಶಕರಿಗೆ ತಮ್ಮ ಕಟ್ ಸಿದ್ಧಮಾಡಲು 10 ವಾರ ಎಂದಿದೆ. ಅದು ಸಂಘ ಹೋರಾಡಿ ಪಡೆದದ್ದು. 10 ವಾರ ಮುಗಿದ ಮೇಲೆ ಸ್ಟುಡಿಯೋ ಮಾತು ಶುರು. ಎಷ್ಟು ನಿಮಿಷ ಇರಬೇಕು, ಯಾವ ವಯಸ್ಸಿನವರಿಗೆ ಪ್ರಮಾಣಪತ್ರ ಸಿಗಬೇಕು ಅನ್ನುವುದು ಎಷ್ಟೋ ಒಪ್ಪಂದಗಳಲ್ಲಿ ಮೊದಲೇ ಬರೆದಿರುತ್ತದೆ. ಇದರಲ್ಲಿ ನನಗೆ ತಕರಾರಿಲ್ಲ. ಮೊದಲೇ ಹೇಳಿದ್ದಾರಲ್ಲ. ನನ್ನ ಕೆಲಸದಲ್ಲಿ ಒಮ್ಮೆ, ಬಿಡುಗಡೆಗೆ ಎರಡು ವಾರ ಇರುವಾಗ 12 ನಿಮಿಷ ತೆಗೆಯಿರಿ ಅಂದರು. ದಿನಕ್ಕೆ ಒಂದು ಶೋ ಜಾಸ್ತಿ ಹಾಕಬಹುದು ಅಂತ. ತೆಗೆದೆ. ಕಥೆ ಅರ್ಥವಾಗುತ್ತಿತ್ತು. ಆದರೆ ಮಗ ಸುದ್ದಿ ಹೇಳಿದ ಮೇಲೆ ತಾಯಿ ಸುಮ್ನೆ ಕೂತಿರುವ ಒಂದು ಶಾಟ್ ಇತ್ತು. ಅದು ಹೋಯಿತು. ಆ ಶಾಟ್‌ಗಾಗಿ ಆ ನಟಿ ಇಡೀ ಬೆಳಿಗ್ಗೆ ಯಾರ ಜೊತೆಯೂ ಮಾತಾಡಿರಲಿಲ್ಲ.

ಎಲ್ಲಕ್ಕಿಂತ ಕಣ್ಣಿಗೆ ಬೀಳದ ನಿರ್ಧಾರ ಅಂದರೆ ಮಾಡದೇ ಬಿಟ್ಟ ಸಿನಿಮಾ. ಒಂದು ಕಾಲದಲ್ಲಿ ಥಿಯೇಟರ್‌ನಲ್ಲಿ ಸಾಧಾರಣ ಗಳಿಸಿದ ಸಿನಿಮಾ ಡಿವಿಡಿ ಮಾರಾಟದಲ್ಲಿ ದುಡ್ಡು ವಾಪಸ್ ತರುತ್ತಿತ್ತು. ಆ ಎರಡನೇ ಗಳಿಕೆ ಕುಸಿದ ಮೇಲೆ ಮಧ್ಯಮ ಬಜೆಟ್ಟಿನ, ದೊಡ್ಡವರಿಗಾಗಿ ಮಾಡಿದ ಕಥೆಗಳಿಗೆ ಸ್ಟುಡಿಯೋಗಳು ಕೈ ಹಾಕುವುದು ಕಡಿಮೆಯಾಯಿತು. ಅವುಗಳಲ್ಲಿ ಕೆಲವು ಸ್ಟ್ರೀಮಿಂಗ್‌ಗೆ ಹೋದವು. ಅಲ್ಲಿ ಬೇರೆ ಲೆಕ್ಕ. 2022ರಲ್ಲಿ ವಾರ್ನರ್ ಬ್ರದರ್ಸ್ ಡಿಸ್ಕವರಿ 'ಬ್ಯಾಟ್‌ಗರ್ಲ್' ಸಿನಿಮಾವನ್ನು, ಚಿತ್ರೀಕರಣ ಮುಗಿದು ಎಡಿಟಿಂಗ್ ನಡೆಯುತ್ತಿರುವಾಗ, ಬಿಡುಗಡೆಯೇ ಮಾಡುವುದಿಲ್ಲ ಎಂದಿತು. ಖರ್ಚಾಗಿದ್ದದ್ದು ಸುಮಾರು 9 ಕೋಟಿ ಡಾಲರ್. ನಷ್ಟ ತೋರಿಸಿ ತೆರಿಗೆ ಉಳಿಸುವ ದಾರಿ ಅದು ಎಂದು ಪತ್ರಿಕೆಗಳು ಬರೆದವು. ಡಬ್ಬದಲ್ಲೇ ಉಳಿಯಿತು ಅಂತ ನಾವು ಹೇಳುತ್ತೇವಲ್ಲ, ಸಿನಿಮಾದವರಿಗೆ ಅದಕ್ಕಿಂತ ದೊಡ್ಡ ದುಃಖ ಇಲ್ಲ. ಸೋತರೂ ಜನ ನೋಡಿ ಸೋಲಿಸಲಿ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ಒಂದು ಪ್ರಶ್ನೆ ಕೇಳಿದಳು. ಅದನ್ನೂ ಇಲ್ಲಿ ಸೇರಿಸುತ್ತೇನೆ. "ಸರ್, ಕತ್ತರಿಸಿ ಹಾಕಿದ ಸಿನಿಮಾ ಮತ್ತೆ ಪೂರ್ತಿ ಸಿಕ್ಕ ಉದಾಹರಣೆ ಇದೆಯಾ?" ಎಂದಳು.

ಹೆಚ್ಚುಕಡಿಮೆ ಪೂರ್ತಿ ಸಿಕ್ಕದ್ದು ಇದೆ ಎಂದೆ. ಜರ್ಮನಿಯ ಊಫಾ ಸ್ಟುಡಿಯೋ ಮಾಡಿದ ಫ್ರಿಟ್ಸ್ ಲಾಂಗ್ ಅವರ 'ಮೆಟ್ರೊಪೊಲಿಸ್'. 1927ರ ಜನವರಿಯಲ್ಲಿ ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ. ಎರಡೂವರೆ ಗಂಟೆಯ ಸಿನಿಮಾ. ಅಮೆರಿಕದಲ್ಲಿ ಹಂಚಿದ ಪ್ಯಾರಾಮೌಂಟ್ ಅದನ್ನು ಮೊಟಕು ಮಾಡಿ ಕಥೆಯನ್ನೇ ತಿರುಚಿತು. ಊಫಾ ಕೂಡ ಜರ್ಮನಿಯಲ್ಲಿ ಮೊಟಕು ರೂಪವನ್ನೇ ತೋರಿಸಿತು. ಸುಮಾರು ಕಾಲು ಭಾಗ ಕಳೆದೇಹೋಯಿತು ಎಂದು ಎಲ್ಲರೂ ಕೈಚೆಲ್ಲಿದ್ದರು. ಆದರೆ ಕತ್ತರಿ ಬೀಳುವ ಮುಂಚೆಯೇ ಅರ್ಜೆಂಟೀನಾದ ಒಬ್ಬ ವಿತರಕ ಪೂರ್ತಿ ಪ್ರತಿಯನ್ನು ತನ್ನ ದೇಶಕ್ಕೆ ಕೊಂಡೊಯ್ದಿದ್ದ. 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಂನಲ್ಲಿ ಅದರ 16 ಎಂಎಂ ನಕಲು ಸಿಕ್ಕಿತು. ಗೀರು ಬಿದ್ದು ಮಳೆ ಸುರಿದಂತೆ ಕಾಣುವ ರೀಲು. 2010ರಲ್ಲಿ ಬರ್ಲಿನ್‌ನಲ್ಲೇ ಮತ್ತೆ ತೋರಿಸಿದರು. ಗೀರಿರುವ ದೃಶ್ಯ ಬಂದಾಗಲೆಲ್ಲಾ ಇದೇ ಆ ಸಿಕ್ಕ ಭಾಗ ಅಂತ ತಿಳಿಯುತ್ತದೆ. ನನಗೆ ಆ ಗೀರುಗಳ ಮೇಲೆ ತುಂಬಾ ಪ್ರೀತಿ.

"ಹಾಗಾದರೆ 'ಆಂಬರ್ಸನ್ಸ್'?"

ವೆಲ್ಸ್ ನೋಡಲಿ ಅಂತ ಬ್ರೆಜಿಲ್‌ಗೂ ಒಂದು ಪ್ರತಿ ಕಳಿಸಿದ್ದರು. ಅದಕ್ಕಾಗಿ ಜನ ಅಲ್ಲಿ ಹಳೆಯ ಉಗ್ರಾಣಗಳನ್ನು ಹುಡುಕಿದ್ದಾರೆ. ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಒಂದು ಕೆಲಸ ಮಾಡು ಎಂದೆ ಆ ಹುಡುಗಿಗೆ. ಒಂದೇ ರಾತ್ರಿ ಎರಡೂ ಸಿನಿಮಾ ನೋಡು. ಮೊದಲು ದೊಡ್ಡದು, ಆಮೇಲೆ ಚಿಕ್ಕದು. ಎರಡನೆಯದರಲ್ಲಿ ನಾಯಕಿ ಮನೆಗೆ ಬಂದು ಮೇಲೆ ಹತ್ತುವಾಗ, ಅವಳನ್ನು ಬಿಟ್ಟು ಆ ಮೆಟ್ಟಿಲ ಕೈಹಿಡಿಯನ್ನು ನೋಡು.